ಓದು ಮುಗಿಯುವ ಮೊದಲೇ ಬಂದ ಕಂತಿನ ನೋಟಿಸು

ಮಗಳೇ,

ನೀನು ಕಳಿಸಿದ ಬ್ಯಾಂಕಿನ ಮೆಸೇಜು ನೋಡಿದೆ. ‘ಸಾಲದ ಖಾತೆಯಲ್ಲಿ ಬಾಕಿ ಇದೆ, ಕೂಡಲೇ ಕಟ್ಟಿ’ ಎಂದಿದೆ. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಇಂಟರ್ನಲ್ಸ್‌ಗೆ ಓದುತ್ತ ಕೂತ ಹುಡುಗಿಗೆ ಎದೆ ಧಸಕ್ಕೆನ್ನುವುದು ಸಹಜ. ‘ಅಪ್ಪನಿಗೆ ಹೇಳಬೇಡಿ ದೊಡ್ಡಪ್ಪ’ ಎಂದೂ ಬರೆದಿದ್ದೀಯ. ಆ ಮಾತಿಗೆ ಆಮೇಲೆ ಬರುತ್ತೇನೆ. ನೌಕರಿಯ ಬಹುಪಾಲನ್ನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕಳೆದವನು ನಾನು. ನಿನಗೆ ಮೊದಲು ಹೇಳುವುದು ಇಷ್ಟು: ಈ ಹಣವನ್ನು ಈಗಲೇ ಕಟ್ಟಬೇಕೋ ಬೇಡವೋ ಎಂಬುದು ಆ ಮೆಸೇಜಿನಿಂದ ತೀರ್ಮಾನವಾಗುವುದಿಲ್ಲ, ನಿನ್ನ ಸಾಲದ ಮಂಜೂರಾತಿ ಪತ್ರದಿಂದ ಆಗುತ್ತದೆ. ಅದನ್ನು ತರಿಸಿಕೊಂಡು ಕೂತು ಓದು.

ಬ್ಯಾಂಕುಗಳ ಶಿಕ್ಷಣ ಸಾಲ ಬಹುಮಟ್ಟಿಗೆ ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯಂತೆ ನಡೆಯುತ್ತದೆ. ಆ ಯೋಜನೆಯಲ್ಲಿ ಕೋರ್ಸಿನ ಅವಧಿಗೂ ಅದು ಮುಗಿದ ಮೇಲೆ ಒಂದು ವರ್ಷಕ್ಕೂ ಕಂತಿನಿಂದ ಬಿಡುವು ಇದೆ. ಮೊರಟೋರಿಯಂ ಎನ್ನುವುದು ಇದನ್ನೇ. ಆಮೇಲೆ ತೀರಿಸಲು 15 ವರ್ಷದವರೆಗೂ ಕಾಲ ಸಿಗುತ್ತದೆ. ಬಿಡುವಿನ ಕಾಲದಲ್ಲೂ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ, ಆದರೆ ಸರಳ ಬಡ್ಡಿ. ಓದುವಾಗಲೇ ಆ ಬಡ್ಡಿಯನ್ನು ಕಟ್ಟುತ್ತ ಬಂದವರಿಗೆ ಬಡ್ಡಿದರದಲ್ಲಿ ಶೇಕಡಾ 1ರಷ್ಟು ರಿಯಾಯಿತಿ ಕೊಡಲು ಯೋಜನೆಯಲ್ಲಿ ಅವಕಾಶವಿದೆ. ಹಾಗೆ ಕಟ್ಟುವುದು ನಮ್ಮ ಇಷ್ಟ. ಎಷ್ಟೋ ಸಲ ಈ ಬಡ್ಡಿಯ ಲೆಕ್ಕವನ್ನೇ ಬ್ಯಾಂಕಿನ ಕಂಪ್ಯೂಟರು ‘ಬಾಕಿ’ ಎಂದು ತೋರಿಸಿ ಮೆಸೇಜು ಹಾಕಿಬಿಡುತ್ತದೆ, ಮಕ್ಕಳು ಹೆದರುತ್ತಾರೆ.

ಇನ್ನೊಂದು ಕಾರಣ ಕೋರ್ಸು ಮುಗಿಯುವ ತಾರೀಕು. ಸಾಲ ಕೊಟ್ಟ ದಿನ ಬ್ಯಾಂಕಿನವರು ಒಂದು ತಾರೀಕು ಬರೆದುಕೊಂಡಿರುತ್ತಾರೆ. ಮಧ್ಯೆ ಇಯರ್ ಬ್ಯಾಕ್ ಆದರೆ, ಕಾಯಿಲೆಯಿಂದ ಒಂದು ವರ್ಷ ಬಿಟ್ಟರೆ, ಕಾಲೇಜು ಬದಲಾಯಿಸಿದರೆ ಅದನ್ನು ನಾವು ತಿಳಿಸುವವರೆಗೆ ಅವರಿಗೆ ಗೊತ್ತಾಗುವುದಿಲ್ಲ. ಕಂಪ್ಯೂಟರು ತನ್ನ ತಾರೀಕಿಗೆ ಸರಿಯಾಗಿ ಕಂತು ಕೇಳುತ್ತದೆ. ಹೊತ್ತಿಗೆ ಸರಿಯಾಗಿ ಕೋರ್ಸು ಮುಗಿಸಲಾಗದವರಿಗೆ ಹೆಚ್ಚೆಂದರೆ 2 ವರ್ಷ ಅವಧಿ ಮುಂದೂಡಲು ಮಾದರಿ ಯೋಜನೆಯಲ್ಲೇ ದಾರಿಯಿದೆ, ಆದರೆ ಅದು ತಾನಾಗಿ ಬರುವುದಿಲ್ಲ. ಕಾಲೇಜಿನಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಕೋರ್ಸು ಯಾವ ತಿಂಗಳು ಮುಗಿಯುತ್ತದೆಂದು ಅದರಲ್ಲಿ ಬರೆಸಿ, ಅರ್ಜಿಯ ಜೊತೆ ಶಾಖೆಗೆ ಕೊಡಬೇಕು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೆ ಕೌಂಟರು ಬಿಡಬೇಡ. ‘ಹೇಳಿದ್ದೀನಲ್ಲ ಸಾರ್’ ಎಂಬ ಮಾತು ಮ್ಯಾನೇಜರು ವರ್ಗವಾಗಿ ಹೋದ ಮರುದಿನವೇ ಬೆಲೆ ಕಳೆದುಕೊಳ್ಳುತ್ತದೆ.

ನಿಮ್ಮ ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗಿದೆ. ಹಾಗಿರುವಾಗ ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನದ ವಿಷಯ ಕೇಳಲೇಬೇಕು. 2009ರಿಂದ ಇರುವ ಯೋಜನೆ ಇದು. ವೃತ್ತಿಪರ ಮತ್ತು ತಾಂತ್ರಿಕ ಕೋರ್ಸಿಗೆ ಮಾದರಿ ಯೋಜನೆಯಡಿ ಸಾಲ ಪಡೆದ ಇಂಥ ಮನೆಗಳ ಮಕ್ಕಳಿಗೆ ಮೊರಟೋರಿಯಂ ಕಾಲದ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಅದರ ನೋಡಲ್ ಬ್ಯಾಂಕು ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೆನರಾ ಬ್ಯಾಂಕ್. ಸಾಲ ಬೇರೆ ಬ್ಯಾಂಕಿನದಾದರೂ ನಿನ್ನ ಹೆಸರಿನ ಕ್ಲೇಮನ್ನು ನಿನ್ನ ಶಾಖೆಯೇ ಸಲ್ಲಿಸಬೇಕು. ಆದಾಯ ಪ್ರಮಾಣಪತ್ರ ಕೊಡದೆ ಹೋದ ಒಂದೇ ಕಾರಣಕ್ಕೆ ಈ ಸೌಲಭ್ಯ ಕೈತಪ್ಪಿದ ಮಕ್ಕಳನ್ನು ನೋಡಿ ಸಂಕಟಪಟ್ಟಿದ್ದೇನೆ. ನಾಡಕಚೇರಿಗೆ ಹೋಗಿಬಂದಿದ್ದರೆ ಮುಗಿಯುತ್ತಿತ್ತು. ಆದ್ದರಿಂದ ಶಾಖೆಯಲ್ಲಿ ‘ಬಡ್ಡಿ ಯಾಕೆ ಕೇಳುತ್ತೀರಿ’ ಎಂದು ಜಗಳ ತೆಗೆಯಬೇಡ. ‘ನನ್ನ ಸಬ್ಸಿಡಿ ಕ್ಲೇಮು ಹೋಗಿದೆಯೇ, ಯಾವ ವರ್ಷದ್ದು ಬಂದಿದೆ, ಯಾವುದು ಬಾಕಿ’ ಎಂದು ಕೇಳು. ಒಂದು ಎಚ್ಚರವಿರಲಿ: ನಡುವೆ ಓದು ಬಿಟ್ಟವರಿಗೆ, ಕಾಯಿಲೆಯ ಕಾರಣವಿದ್ದ ಹೊರತು, ಇದು ಸಿಗುವುದಿಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ವಿದ್ಯಾಸಂಸ್ಥೆಗಳಿಗೆ ಸೇರಿದ, 8 ಲಕ್ಷದೊಳಗೆ ಆದಾಯವಿರುವ ಮನೆಯ ಮಕ್ಕಳಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3ರ ರಿಯಾಯಿತಿಯೂ ಬಂದಿದೆ. ನಿನ್ನ ತಮ್ಮನಿಗೆ ಮುಂದೆ ಬೇಕಾಗಬಹುದು.

ಇಲ್ಲಿಯವರೆಗೆ ಹೇಳಿದ್ದು ಬ್ಯಾಂಕಿನ ಶಿಕ್ಷಣ ಸಾಲದ ಮಾತು. ಫೈನಾನ್ಸ್ ಕಂಪನಿಯ ಸಾಲವಾದರೆ ಕಥೆಯೇ ಬೇರೆ. ಹಣ ಕೈಗೆ ಬಂದ ಮುಂದಿನ ತಿಂಗಳಿಂದಲೇ ಬಡ್ಡಿಯನ್ನೋ ಕಂತಿನ ಒಂದು ಭಾಗವನ್ನೋ ಕಟ್ಟಬೇಕೆಂಬ ಷರತ್ತು ಅಲ್ಲಿ ಇರಬಹುದು, ಸಹಿ ಹಾಕಿದ ಮೇಲೆ ಅದು ನಮಗೆ ಬದ್ಧ. ನಿನ್ನ ಗೆಳತಿ ಮೊಬೈಲಿನಲ್ಲೇ ಸೇರಿಕೊಂಡ ಕೋಡಿಂಗ್ ಕೋರ್ಸಿನಂಥವು ಇನ್ನೂ ಅಪಾಯ. ‘ಬಡ್ಡಿಯಿಲ್ಲದ ಇಎಂಐ’ ಎಂದು ಹೇಳಿ ಒಟಿಪಿ ಕೇಳುತ್ತಾರೆ. ಅವಳು ಫೀಸು ಕಟ್ಟುತ್ತಿದ್ದೇನೆ ಎಂದುಕೊಂಡಿದ್ದರೆ, ಕಾಗದದಲ್ಲಿ ಅದು ಮೂರನೆಯ ಕಂಪನಿಯೊಂದರ ಸಾಲ. ಪಾಠ ನಿಂತುಹೋದರೂ ಸಾಲ ನಿಲ್ಲುವುದಿಲ್ಲ. ಹಾಗೇನಾದರೂ ಆಗಿದ್ದರೆ ಕೋರ್ಸಿನವರಿಗೂ ಸಾಲ ಕೊಟ್ಟವರಿಗೂ ಒಂದೇ ದಿನ ಇಮೇಲ್ ಬರೆದು, ಪಾಠ ಯಾವತ್ತು ನಿಂತಿತೆಂದು ತಿಳಿಸಿ, ಸಾಲ ರದ್ದು ಮಾಡಿ ಎಂದು ಕೇಳಲು ಹೇಳು. ಕಂತು ಕಟ್ಟುವುದನ್ನು ಸುಮ್ಮನೆ ನಿಲ್ಲಿಸಿ ಕೂರುವುದು ಬೇಡ.

ಈಗ ನಿಮ್ಮಪ್ಪನ ವಿಷಯ. ಸಾಲದ ಪತ್ರದಲ್ಲಿ ಅವನೂ ಸಹಸಾಲಗಾರ. ಕಟ್ಟಬೇಕಾದ ಹಣ 90 ದಿನ ದಾಟಿ ಬಾಕಿ ಉಳಿದರೆ ಖಾತೆ ಎನ್‌ಪಿಎ ಆಗುತ್ತದೆ, ಅದು ನಿನ್ನ ಸಿಬಿಲ್ ದಾಖಲೆಯ ಜೊತೆಗೆ ಅವನ ದಾಖಲೆಯಲ್ಲೂ ಕೂರುತ್ತದೆ. ನಾಳೆ ಅವನು ಟ್ರ್ಯಾಕ್ಟರಿಗೋ ಮನೆಯ ಚಾವಣಿಗೋ ಸಾಲ ಕೇಳಲು ಹೋದಾಗ ಮ್ಯಾನೇಜರು ತಲೆಯಾಡಿಸಿದರೆ, ಕಾರಣವೇ ತಿಳಿಯದೆ ಅವಮಾನಪಟ್ಟು ಮನೆಗೆ ಬರುತ್ತಾನೆ. ಅವನ ಮನಸ್ಸು ನೋಯಬಾರದೆಂದು ನೀನು ಮುಚ್ಚಿಡುತ್ತಿರುವುದು ನನಗೆ ಅರ್ಥವಾಗುತ್ತದೆ. ಆದರೆ ಅವನ ಸಹಿ ಇರುವ ಸಾಲ ಇದು, ತಿಳಿಯುವ ಹಕ್ಕು ಅವನಿಗಿದೆ. ನನ್ನಿಂದ ಹೇಳಿಸಬೇಡ, ನೀನೇ ಹೇಳು. ಇಷ್ಟೊಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಪ್ಪನಿಂದ ಮುಚ್ಚಿಟ್ಟ ಮಕ್ಕಳೇ ಆ್ಯಪಿನಲ್ಲಿ ಐದು ಸಾವಿರ ತೆಗೆದು ಬ್ಯಾಂಕಿಗೆ ಕಟ್ಟುವುದು, ಆಮೇಲೆ ಅದನ್ನು ತೀರಿಸಲು ಇನ್ನೊಂದು ಆ್ಯಪಿಗೆ ಹೋಗುವುದು. ಆ ದಾರಿ ಮಾತ್ರ ಹಿಡಿಯಬೇಡ, ಕೈಮುಗಿದು ಹೇಳುತ್ತೇನೆ.

ವಸೂಲಿಯವರು ಫೋನು ಮಾಡಿದರೆ ಬೆದರಬೇಕಿಲ್ಲ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಬಾಕಿ ವಸೂಲಿಗೆ ಕರೆ ಮಾಡಬಾರದು, ಬೆದರಿಸಬಾರದು, ಮನೆಯವರ, ಸ್ನೇಹಿತರ ನೆಮ್ಮದಿಗೆ ಕೈಹಾಕಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೆಸರು, ಯಾವ ಸಂಸ್ಥೆ, ಎಷ್ಟು ಹೊತ್ತಿಗೆ ಕರೆ ಬಂತು ಎಂಬುದನ್ನು ಬರೆದಿಡು. ಯಾರದೋ ಮೊಬೈಲ್ ನಂಬರಿಗೆ ಯುಪಿಐ ಮಾಡು ಎಂದರೆ ಒಂದು ರೂಪಾಯಿಯನ್ನೂ ಹಾಕಬೇಡ, ಕಟ್ಟುವುದಿದ್ದರೆ ನೇರ ಸಾಲದ ಖಾತೆಗೇ ಕಟ್ಟು. ಬ್ಯಾಂಕಿಗೆ ದೂರು ಬರೆದು 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಸೀಲು ಹಾಕಿಸಿದ ಪ್ರತಿ ಆಗ ಕೆಲಸಕ್ಕೆ ಬರುತ್ತದೆ.

ಸಬ್ಸಿಡಿ ಸಿಗದೇಹೋದರೆ ಬಡ್ಡಿಯನ್ನು ಈಗಲೇ ಕಟ್ಟಬೇಕೇ? ಕೈಲಾದರೆ ಕಟ್ಟು ಎನ್ನುತ್ತೇನೆ. ಲೆಕ್ಕ ನೋಡು. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ, ಬಡ್ಡಿ ಶೇಕಡಾ 9 ಎಂದಿಟ್ಟುಕೋ. ಮೊದಲ ವರ್ಷದ ಬಡ್ಡಿ 9,000, ನಾಲ್ಕನೆಯ ವರ್ಷದ್ದು 36,000. ಬಿಡುವಿನ ಐದನೆಯ ವರ್ಷವೂ ಸೇರಿ ಒಟ್ಟು 1,26,000. ಒಂದು ಪೈಸೆಯನ್ನೂ ಕಟ್ಟದಿದ್ದರೆ ಕಂತು ಶುರುವಾಗುವ ದಿನ ಸಾಲ 5,26,000 ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,660 ರೂಪಾಯಿ ಬೇಕು, ಬಡ್ಡಿ ಕಟ್ಟುತ್ತ ಬಂದಿದ್ದರೆ ಸುಮಾರು 5,070 ಸಾಕು. ಪೂರ್ತಿ ಆಗದಿದ್ದರೆ ಅರ್ಧ ಕಟ್ಟು. ಆದರೆ ಮೆಸ್ಸಿನ ದುಡ್ಡು ಉಳಿಸಿ, ಹೊಟ್ಟೆಗೆ ತಿನ್ನದೆ ಕಟ್ಟುವುದು ಖಂಡಿತ ಬೇಡ.

ಡಿಗ್ರಿ ಮುಗಿದು ವರ್ಷವಾದರೂ ಕೆಲಸ ಸಿಗದಿದ್ದರೆ ಏನು ಗತಿ ಎಂಬ ಪ್ರಶ್ನೆಯೂ ನಿನ್ನ ಪತ್ರದಲ್ಲಿದೆ. ಕೆಲಸವಿಲ್ಲದ ಕಾಲಕ್ಕೆ ಕಂತಿನಿಂದ ಮತ್ತೆ ಬಿಡುವು ಕೇಳಲು ಮಾದರಿ ಯೋಜನೆಯಲ್ಲಿ ಅವಕಾಶ ಇಟ್ಟಿದ್ದಾರೆ, ಕೊಡುವುದು ಬ್ಯಾಂಕಿನ ತೀರ್ಮಾನ. ಆ ಅರ್ಜಿ ಮೊದಲ ಕಂತಿನ ತಾರೀಕಿಗೆ ಮುಂಚೆಯೇ ಮ್ಯಾನೇಜರ ಮೇಜಿನ ಮೇಲಿರಬೇಕು.

ನಿನ್ನ ದೊಡ್ಡಪ್ಪ