ಹಾಡಿನ ಹೆಣ್ಣಿಗೆ ಮರುಮಾತುಂಟೆ?

ಓರ್ವ ವಿದ್ಯಾರ್ಥಿನಿ, ಅಂತಿಮ ಬಿ.ಎ.

ಕೊಳ್ಳೇಗಾಲದ ಕಡೆಯಿಂದ ಬೆಳಗಿನ ಖಾಸಗಿ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಮ್ಮಂಥವರಿಗೆ ಹಾಡು ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಚಾಲಕರು ಗಾಡಿಯನ್ನೂ ಹಾಡನ್ನೂ ಒಟ್ಟಿಗೇ ಹೊರಡಿಸುತ್ತಾರೆ. ಕಳೆದ ವರ್ಷ ಒಂದು ವಾರ ನಾನು ಈ ಹಾಡುಗಳನ್ನು ಪಠ್ಯವೆಂದೇ ಭಾವಿಸಿ ಕೇಳಿದೆ. ನೋಟುಪುಸ್ತಕದ ಹಾಳೆಯಲ್ಲಿ ಗೆರೆಯೆಳೆದು ಎರಡು ಅಂಕಣ ಮಾಡಿ, ಹೆಣ್ಣನ್ನು ಕುರಿತ ಹಾಡು ಬಂದಾಗಲೆಲ್ಲ ಆಕೆಯನ್ನು ಏನೆಂದು ಕರೆದಿದ್ದಾರೆ ಎಂಬುದನ್ನು ಒಂದರಲ್ಲಿಯೂ, ಆಕೆ ತಾನಾಗಿ ಏನು ಹೇಳಿದಳು ಎಂಬುದನ್ನು ಇನ್ನೊಂದರಲ್ಲಿಯೂ ಬರೆದುಕೊಂಡೆ. ಎಣಿಕೆಯನ್ನು ಇಲ್ಲಿ ಕೊಡುವುದಿಲ್ಲ. ಒಂದು ಬಸ್ಸಿನ ಎಣಿಕೆ ನಾಡಿನ ಎಣಿಕೆಯಾಗಲಾರದು. ಆದರೆ ಚಂದ್ರ, ಬಳ್ಳಿ, ಜಿಂಕೆ, ಗಿಣಿ, ದೇವತೆ, ಮೋಸಗಾತಿ ಎಂದು ಮೊದಲನೆಯ ಅಂಕಣ ಎರಡೇ ದಿನದಲ್ಲಿ ತುಂಬಿ ಹಾಳೆಯ ಹಿಂಬದಿಗೂ ಹರಿಯಿತು. ಎರಡನೆಯದು ಬಹುಮಟ್ಟಿಗೆ ಬರಿದಾಗಿಯೇ ಉಳಿಯಿತು. ಆ ಬರಿದಾದ ಅಂಕಣವೇ ಪ್ರಕೃತ ಲೇಖನಕ್ಕೆ ಕಾರಣ.

ನಮ್ಮ ಚರ್ಚಾಕೂಟಗಳಲ್ಲಿ ಈ ವಿಷಯ ಬಂದಾಗ ಎರಡು ಪಕ್ಷಗಳು ಏಳುತ್ತವೆ. ನಮ್ಮ ಹಾಡುಗಳು ಹೆಣ್ಣನ್ನು ತಾಯಿಯೆಂದೂ ದೇವಿಯೆಂದೂ ಪೂಜಿಸಿವೆ ಎಂದು ಒಂದು ಪಕ್ಷ. ಅವಳನ್ನು ಹೀಯಾಳಿಸಿವೆ, ಅಂಗಾಂಗವಾಗಿ ತೂಗಿವೆ ಎಂದು ಮತ್ತೊಂದು ಪಕ್ಷ. ಎರಡಕ್ಕೂ ಉದಾಹರಣೆಗಳು ಹೇರಳವಾಗಿ ಸಿಗುವುದರಿಂದ ತೀರ್ಪುಗಾರರು ಬಹುಮಾನವನ್ನು ಯಾರಿಗೆ ಕೊಟ್ಟರೂ ಅನ್ಯಾಯವಾಗುವುದಿಲ್ಲ. ನನಗೆ ತೋರುವಂತೆ ಪ್ರಶ್ನೆಯನ್ನೇ ಬೇರೆ ರೀತಿ ಕೇಳಬೇಕು. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಹಾಡಿನೊಳಗಿನ ಹೆಣ್ಣಿಗೆ ಅದನ್ನು ಕೇಳಿ ಮರುಮಾತಾಡಲು ಎಡೆಯಿದೆಯೆ? ‘ಒಲ್ಲೆ’ ಎನ್ನಲು ಆಕೆಗೆ ಒಂದು ಸಾಲಾದರೂ ಉಂಟೆ?

ಸಿನಿಮಾ ಹಾಡಿನಿಂದಲೇ ಮೊದಲು ಮಾಡೋಣ. ಕನ್ನಡದಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ 1934ರ ‘ಸತಿ ಸುಲೋಚನಾ’. ಅದರ ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು, ಸುಲೋಚನೆಯಾದವರು ತ್ರಿಪುರಾಂಬ. ಕನ್ನಡದ ಬೆಳ್ಳಿತೆರೆಯ ಮೊದಲ ನಾಯಕಿ ಇಂದ್ರಜಿತುವಿನ ಹೆಂಡತಿ, ಗಂಡ ಸತ್ತ ಮೇಲೆ ಚಿತೆಯೇರುವವಳು! ಇದನ್ನು ಆ ಚಿತ್ರದ ದೋಷವೆಂದು ನಾನು ಹೇಳುತ್ತಿಲ್ಲ. ಆಗಿನ ನಾಟಕ ಕಂಪನಿಗಳಲ್ಲಿ ಜನ ಮೆಚ್ಚಿದ್ದ ಕತೆಗಳೇ ತೆರೆಗೂ ಬಂದವು, ಅಷ್ಟೆ. ಆದರೆ ಆರಂಭವೇ ಹೀಗಾದದ್ದರ ನೆರಳು ಬಹುದೂರ ಚಾಚಿತು.

ಯುಗಳಗೀತೆಗಳಲ್ಲಿ ಹೆಣ್ಣೂ ಹಾಡುತ್ತಾಳಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಡುತ್ತಾಳೆ, ನಿಜ. ಎಸ್. ಜಾನಕಿ, ಪಿ. ಸುಶೀಲಾ ಅವರಂಥ ಕಂಠಗಳು ಕನ್ನಡಕ್ಕೆ ದೊರೆತದ್ದು ನಮ್ಮ ಭಾಗ್ಯವೇ ಸರಿ. ಆದರೆ ಹಾಡು ಬರೆದವರ ಹೆಸರುಗಳನ್ನು ನೆನೆಯಿರಿ: ಕು.ರಾ. ಸೀತಾರಾಮಶಾಸ್ತ್ರಿ, ಕಣಗಾಲ್ ಪ್ರಭಾಕರಶಾಸ್ತ್ರಿ, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್. ಎಲ್ಲರೂ ದೊಡ್ಡವರು, ಎಲ್ಲರೂ ಗಂಡಸರು. ಅವನು ಹೇಳಿದ್ದನ್ನೇ ಅವಳು ಒಂದು ಸ್ಥಾಯಿ ಮೇಲೆ ಹಿಂದಿರುಗಿಸುವುದು ಅನೇಕ ಯುಗಳಗೀತೆಗಳ ಕ್ರಮ. ಅದು ಮರುದನಿಯೇ ಹೊರತು ಮರುಮಾತಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಒನಕೆ ಓಬವ್ವನ ಪ್ರಸಂಗವಿದೆ. ಜಯಂತಿಯವರ ಅಭಿನಯ, ಪಿ.ಬಿ. ಶ್ರೀನಿವಾಸ್ ಅವರ ಕಂಠ. ಇಂದಿಗೂ ಶಾಲಾ ವಾರ್ಷಿಕೋತ್ಸವಗಳಲ್ಲಿ ಹುಡುಗಿಯರು ಒನಕೆ ಹಿಡಿದು ಅದಕ್ಕೆ ಕುಣಿಯುತ್ತಾರೆ. ನಾನೂ ಆರನೆಯ ತರಗತಿಯಲ್ಲಿ ಕುಣಿದಿದ್ದೇನೆ. ರೋಮಾಂಚಗೊಳಿಸುವ ಹಾಡು. ಆದರೂ ಅದರಲ್ಲಿ ಓಬವ್ವನ ಸಾಹಸವನ್ನು ಗಂಡುದನಿ ಬಣ್ಣಿಸುತ್ತದೆ, ಓಬವ್ವ ಒನಕೆ ಎತ್ತುತ್ತಾಳೆ; ಬಾಯಿ ತೆರೆಯುವುದಿಲ್ಲ. ನಮ್ಮೂರಿನ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನೋಡಿದವರಿಗೆ ನನ್ನ ಮಾತು ತಿಳಿದೀತು: ಕಲ್ಲಿನಲ್ಲಿ ಕಡೆದ ಆ ಬಳೆಗಳು ಅದ್ಭುತ, ಆದರೆ ಅವು ಸದ್ದು ಮಾಡುವುದಿಲ್ಲ.

ಎಲ್ಲವೂ ಹೀಗೆಯೇ ಎಂದರೆ ಅತಿಯಾದೀತು. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ ‘ಗೆಜ್ಜೆಪೂಜೆ’ (1969), ತ್ರಿವೇಣಿಯವರ ಕಾದಂಬರಿಯಿಂದ ಬಂದ ‘ಶರಪಂಜರ’ (1971) ಇವೆರಡರಲ್ಲಿಯೂ ಕಲ್ಪನಾ ಅವರು ನಟಿಸಿದ ಹೆಣ್ಣಿಗೆ ತನ್ನದೇ ಒಂದು ಮನಸ್ಸಿದೆ. ಕಥೆ ಹೆಣ್ಣಿನ ಕೈಯಿಂದ ಬಂದಾಗ ಹಾಡಿನ ಹೆಣ್ಣಿಗೂ ಉಸಿರಾಡಲು ಕೊಂಚ ಎಡೆಯಾಯಿತೆನ್ನಬಹುದು.

ಇದು ಸಿನಿಮಾದ ರೋಗ, ಜಾನಪದ ನಿರ್ಮಲ ಎಂದು ಭಾವಿಸುವ ಮಿತ್ರರಿದ್ದಾರೆ. ಅವರು ನಾವೆಲ್ಲ ಪಠ್ಯದಲ್ಲಿ ಓದಿದ ‘ಕೆರೆಗೆ ಹಾರ’ ಎಂಬ ಕಥನಗೀತೆಯನ್ನು ಮತ್ತೊಮ್ಮೆ ಓದಬೇಕು. ಕೆರೆಯಲ್ಲಿ ನೀರು ಬರಲಿಲ್ಲವೆಂದು ಊರಗೌಡ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡಲು ನಿಶ್ಚಯಿಸುತ್ತಾನೆ. ಆಕೆ ತವರಿಗೆ ಹೋಗುತ್ತಾಳೆ. ಹೆತ್ತವರೆದುರು ನಿಜವನ್ನು ಹೇಳಲಾರದೆ ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಮರೆಸುತ್ತಾಳೆ. ಗೆಳತಿಯೊಬ್ಬಳಿಗೆ ಮಾತ್ರ ಇದ್ದದ್ದನ್ನು ಹೇಳಿದರೆ ಆ ಗೆಳತಿಯೂ ಒಪ್ಪಿಕೋ ಎಂದೇ ಬುದ್ಧಿ ಹೇಳುತ್ತಾಳೆ. ದಂಡಿನಲ್ಲಿದ್ದ ಗಂಡ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅವನೂ ಅದೇ ಕೆರೆಗೆ ಹಾರುತ್ತಾನೆ. ಇದನ್ನು ತ್ಯಾಗದ ಗೀತೆಯೆಂದು ನಮಗೆ ಪಾಠ ಹೇಳಿದರು. ಈಗ ಓದಿದಾಗ ನನಗೆ ಕಾಣುವುದು ಆ ಮನೆಮನೆ ಅಲೆದಾಟ. ಯಾರಾದರೂ ಒಬ್ಬರು ‘ಬೇಡ’ ಎನ್ನಲಿ ಎಂದು ಹುಡುಗಿ ಬಾಗಿಲಿಂದ ಬಾಗಿಲಿಗೆ ಹೋಗುತ್ತಾಳೆ. ತಾನೇ ಅದನ್ನು ಹೇಳಬಹುದೆಂಬುದು ಅವಳಿಗೆ ಹೊಳೆಯುವುದೇ ಇಲ್ಲ. ಅಥವಾ ಹಾಡು ಕಟ್ಟಿದವರಿಗೆ ಹೊಳೆಯಲಿಲ್ಲ.

ಹೆಂಗಸರೇ ಕಟ್ಟಿ ಹೆಂಗಸರೇ ಹಾಡಿದ ಪದಗಳಲ್ಲಿ ಮಾತ್ರ ಬೇರೊಂದು ದನಿ ಕೇಳುತ್ತದೆ. ರಾಗಿ ಬೀಸುವ ಕಲ್ಲಿನ ಮುಂದೆ ಸೊಸೆ ಅತ್ತೆಯ ಕಾಟವನ್ನು ಹೇಳಿಕೊಂಡಿದ್ದಾಳೆ, ಬಾರದ ಅಣ್ಣನನ್ನು ಬೈದಿದ್ದಾಳೆ. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಇಂಥ ಪದಗಳ ಗಣಿ. ಸುವರ್ಣಾವತಿಯ ದಂಡೆಯ ನಮ್ಮ ಹಳ್ಳಿಯಲ್ಲಿಯೂ ಅಜ್ಜಿಯ ಕಾಲದವರೆಗೆ ಅವು ಇದ್ದವು. ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿದ ಮೇಲೆ ಪದವೂ ಮೂಲೆ ಸೇರಿತು. ಅಲ್ಲಿ ಮರುಮಾತು ಇದೆ. ಆದರೆ ಅದನ್ನು ಕೇಳಿಸಿಕೊಂಡದ್ದು ಕಲ್ಲು ಮಾತ್ರ. ಕೇಳಬೇಕಾದವರು ಇನ್ನೂ ನಿದ್ದೆಯಲ್ಲಿದ್ದರು.

ಕೇಳಬೇಕಾದವರಿಗೆ ಕೇಳುವಂತೆ ಹೇಳಿದವಳು ನಮ್ಮೂರಿನ ಸಂಚಿ ಹೊನ್ನಮ್ಮ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುತ್ತಿದ್ದ ಊಳಿಗದ ಹೆಣ್ಣು, ಸಿಂಗರಾರ್ಯನಿಂದ ಪಾಠ ಹೇಳಿಸಿಕೊಂಡು ‘ಹದಿಬದೆಯ ಧರ್ಮ’ವನ್ನು ಬರೆದಳು. ಅದು ಸಾಂಗತ್ಯದಲ್ಲಿದೆ. ಸಾಂಗತ್ಯವೆಂದರೆ ಓದಿಗಿಂತ ಹಾಡಿಗೆ ಒಗ್ಗುವ ಮಟ್ಟು. ರತ್ನಾಕರವರ್ಣಿ ‘ಭರತೇಶವೈಭವ’ಕ್ಕೆ ಆರಿಸಿಕೊಂಡದ್ದೂ ಇದನ್ನೇ. ಆದ್ದರಿಂದ ಹೊನ್ನಮ್ಮನ ಕೃತಿಯನ್ನು ಜನಪ್ರಿಯ ಹಾಡುಗಳ ಸಾಲಿನಲ್ಲಿಟ್ಟು ವಿಚಾರಿಸುವುದು ತಪ್ಪಾಗಲಾರದು.

ಅದರ ಒಂಬತ್ತು ಸಂಧಿಗಳಲ್ಲಿ ಬಹುಪಾಲು ಪತಿವ್ರತೆ ಹೇಗೆ ನಡೆದುಕೊಳ್ಳಬೇಕೆಂಬ ಬೋಧೆ. ನಡುವೆ ಒಂದೆಡೆ ಹೊನ್ನಮ್ಮ ತಟಕ್ಕನೆ ಗಂಡಸರ ಕಡೆ ತಿರುಗಿ, ಹೆತ್ತವಳೂ ಹೊರೆದವಳೂ ಹೆಣ್ಣೇ ಆಗಿರುವಾಗ ಹೆಣ್ಣೆಂದು ಹೀಗಳೆಯುವುದೇಕೆ ಎಂದು ಕೇಳಿಬಿಡುತ್ತಾಳೆ. ಪ್ರತಿ ಮಹಿಳಾ ದಿನಾಚರಣೆಯಲ್ಲಿಯೂ ನಾವು ಕೇಳುವುದು ಆ ಒಂದು ಪದ್ಯವನ್ನೇ. ಉಳಿದವುಗಳ ಗೊಡವೆ ನಮಗಿಲ್ಲ. ಅರಮನೆಯಲ್ಲಿ ನಿಂತು ಇಷ್ಟನ್ನು ಕೇಳಿದ ಎದೆಗಾರಿಕೆ ಸಣ್ಣದಲ್ಲ. ಆದರೂ ನಮ್ಮೂರಿನ ಕವಯಿತ್ರಿಯ ವಿಷಯದಲ್ಲಿ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಹೆತ್ತವಳೆಂದು, ಸಾಕಿದವಳೆಂದು ಮನ್ನಿಸಿರಿ ಎಂಬ ವಾದದಲ್ಲಿ ಯಾರಿಗೂ ಏನೂ ಆಗದ ಹೆಣ್ಣಿಗೆ, ಹೆರದವಳಿಗೆ, ಒಂಟಿಯಾಗಿ ಉಳಿದವಳಿಗೆ ಸ್ಥಳವೆಲ್ಲಿ? ಹೊನ್ನಮ್ಮ ಪ್ರಶ್ನೆ ಕೇಳಿದಳು, ‘ಒಲ್ಲೆ’ ಎನ್ನಲಿಲ್ಲ.

‘ಒಲ್ಲೆ’ ಎಂದವಳು ಈ ಕಡೆಯ ಇನ್ನೊಬ್ಬಳು. ಅವಳಿಗೆ ಗ್ರಂಥವಿರಲಿಲ್ಲ, ಕಂಸಾಳೆಯ ತಾಳವಿತ್ತು. ಹನೂರಿನಾಚೆಯ ಏಳುಮಲೆಯ ಮಾದಪ್ಪನ ಕತೆಯನ್ನು ದೇವರಗುಡ್ಡರು ರಾತ್ರಿಯಿಡೀ ಹಾಡುತ್ತಾರೆ. ಡಾ. ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಅದನ್ನು ಸಂಗ್ರಹಿಸಿ ಅಚ್ಚಿಗೂ ತಂದಿದ್ದಾರೆ. ಆ ಮಹಾಕಾವ್ಯದ ಒಂದು ಭಾಗ ಸಂಕಮ್ಮನ ಸಾಲು. ಗಂಡ ನೀಲೇಗೌಡ ಕಾಡಿಗೆ ಹೊರಡುವವನು, ಬಹುಕಾಲ ಹಿಂದಿರುಗದವನು. ತಾನಿಲ್ಲದಾಗ ನಡತೆಗೆಡುವುದಿಲ್ಲವೆಂದು ಬಲಗೈ ಮೇಲೆ ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹೊಡೆದು ಬಡಿದು ಹಿಂಸಿಸಿದರೂ ಕೊಡುವುದಿಲ್ಲ. ಗುಡಿಸಲಲ್ಲಿ ಕೂಡಿಹಾಕಿ ಮಾಟದ ಕಟ್ಟು ಕಟ್ಟಿದರೂ ಕೊಡುವುದಿಲ್ಲ. ಗುಡ್ಡರಿಂದ ಗುಡ್ಡರಿಗೆ ಪಾಠ ಬದಲಾಗುತ್ತದೆ, ಹಿಂಸೆಯ ವಿವರ ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ಆದರೆ ಸಂಕಮ್ಮ ಮಾತ್ರ ಕೈ ಮುಂದೆ ಚಾಚುವುದಿಲ್ಲ.

ಗಮನಿಸಬೇಕಾದ ಅಂಶವೆಂದರೆ ಆಕೆ ತಪ್ಪು ಮಾಡಲು ಹೊರಟವಳಲ್ಲ. ಹಾಡೂ ಹಾಗೆ ಅನುಮಾನಿಸುವುದಿಲ್ಲ. ಒಂದು ಮಾತು ಕೊಟ್ಟುಬಿಟ್ಟಿದ್ದರೆ ಸುಖವಾಗಿರಬಹುದಾಗಿತ್ತು. ಕೇಳುವ ಹಕ್ಕೇ ನಿನಗಿಲ್ಲ ಎಂಬುದು ಅವಳ ಹಟ. ಇದನ್ನು ಹಾಡಿಕೊಂಡು ಬಂದವರು ಗಂಡಸರೆಂಬುದನ್ನೂ ಮರೆಯಬಾರದು. ಹೆಣ್ಣು ಬರೆದರೆ ಮರುಮಾತು, ಗಂಡು ಬರೆದರೆ ಮೌನ ಎಂದು ನಾನು ಮೊದಲು ಮಾಡಿಕೊಂಡಿದ್ದ ಸುಲಭದ ಸೂತ್ರ ಸಂಕಮ್ಮನೆದುರು ಮುರಿದುಬಿತ್ತು. ಆದರೆ ಕತೆಯ ಕೊನೆ ನನಗೆ ಪೂರಾ ಒಪ್ಪಿಗೆಯಿಲ್ಲ. ಮಾದಪ್ಪ ಬಂದು ಕಟ್ಟು ಬಿಡಿಸಿ, ಮಕ್ಕಳಿಲ್ಲದ ಅವಳಿಗೆ ಕಾರಯ್ಯ ಬಿಲ್ಲಯ್ಯರೆಂಬ ಇಬ್ಬರು ಮಕ್ಕಳ ವರ ಕೊಡುತ್ತಾನೆ. ಆ ಮಕ್ಕಳೂ ಮಾದಪ್ಪನ ಒಕ್ಕಲಾಗಬೇಕು. ಭಾಷೆ ಕೊಡದೆ ನಿಂತವಳ ಹಟವನ್ನು ಹಾಡು ತಾಯ್ತನದಲ್ಲಿ ಕರಗಿಸಿಬಿಟ್ಟಿತು. ಭಕ್ತರು ಕ್ಷಮಿಸಬೇಕು, ನಾನೂ ಆ ಬೆಟ್ಟ ಹತ್ತಿದವಳೇ.

ಇಷ್ಟೆಲ್ಲ ನಾನು ಪುಸ್ತಕದಿಂದ ಯೋಚಿಸತೊಡಗಿದವಳಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಅಕ್ಕನನ್ನು ನೋಡಲು ಗಂಡಿನವರು ಬಂದಿದ್ದರು. ಕಾಫಿ ಆಯಿತು, ಒಂದು ಹಾಡು ಹೇಳಮ್ಮ ಎಂದರು, ಅಕ್ಕ ಒಂದು ಸಿನಿಮಾ ಹಾಡನ್ನೇ ಹೇಳಿದಳು, ಮೆಚ್ಚಿದರು. ಎದ್ದು ಹೊರಡುವ ಮುನ್ನ ಹಿರಿಯರೊಬ್ಬರು, ‘ಮದುವೆಯಾದ ಮೇಲೆ ಕೆಲಸಕ್ಕೆ ಹೋಗೋಲ್ಲ ಅಂತ ಒಂದು ಮಾತು ಹೇಳಿಬಿಡವ್ವ, ನಮಗೂ ಸಮಾಧಾನ’ ಎಂದರು. ಅಕ್ಕ ಆಗ ಬಿ.ಇಡಿ. ಓದುತ್ತಿದ್ದಳು. ಅವಳು ತಲೆ ತಗ್ಗಿಸಲೂ ಇಲ್ಲ, ಬಾಯಿ ತೆರೆಯಲೂ ಇಲ್ಲ. ಅಪ್ಪ ಎರಡು ಸಲ ಕೆಮ್ಮಿದರು. ಅವ್ವ ಕಣ್ಸನ್ನೆ ಮಾಡಿದಳು. ಬಂದವರು ಹೋದರು; ಮತ್ತೆ ಹೇಳಿಕಳಿಸಲಿಲ್ಲ. ಮನೆಯಲ್ಲಿ ಬಹಳ ದಿನ ಅಕ್ಕನೊಡನೆ ಯಾರೂ ಸರಿಯಾಗಿ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಒಂದು ಮಾತು ಹೇಳಿಬಿಟ್ಟಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದೇ ನನಗೂ ಅನ್ನಿಸಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಅಜ್ಜಿ ಮಾತ್ರ ಆ ರಾತ್ರಿ ಜಗಲಿಯಲ್ಲಿ ಎಲೆಯಡಕೆ ಕುಟ್ಟುತ್ತಾ ಸಂಕಮ್ಮನ ಸಾಲನ್ನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಸಂಕಮ್ಮ ಯಾಕೆ ಭಾಷೆ ಕೊಡಲಿಲ್ಲ ಎಂದು ನಾನು ಕೇಳಿದೆ. ಅಜ್ಜಿ ಕುಟ್ಟುವುದನ್ನು ನಿಲ್ಲಿಸದೆ, ‘ಭಾಷ ಕೇಳೋನ್ಗ ನಂಬ್ಕ ಇಲ್ಲ ಕನ ಕೂಸು. ನಂಬ್ಕ ಇಲ್ದೋನ್ಗ ಭಾಷ ಕೊಟ್ರ ಯಾನ, ಬುಟ್ರ ಯಾನ?’ ಎಂದಳು. ಅದುವರೆಗೂ ಆ ಹಾಡನ್ನು ನಾನು ದೇವರ ಹಾಡೆಂದು ಮಾತ್ರ ಕೇಳಿದ್ದೆ.

ಮಾದಪ್ಪನ ಹಾಡುಗಳು ಈಗ ಮತ್ತೆ ಜನಪ್ರಿಯವಾಗಿವೆ. ಸೂಜುಮಲ್ಲಿಗೆಯ ಪದ 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಹೆಣ್ಣುಕಂಠದಲ್ಲಿ ಬಂದು ಮೊಬೈಲು ಮೊಬೈಲಿಗೂ ಹಬ್ಬಿತು. ನಮ್ಮ ಬಸ್ಸಿನಲ್ಲಿಯೂ ವಾರಕ್ಕೊಮ್ಮೆಯಾದರೂ ಕೇಳುತ್ತದೆ. ಸಂತೋಷ. ಸಂಕಮ್ಮನ ಸಾಲು ಮಾತ್ರ ಬಸ್ಸಿಗೆ ಬಂದಿಲ್ಲ. ಅದು ನಾಲ್ಕು ನಿಮಿಷಕ್ಕೆ ಮುಗಿಯುವ ಹಾಡಲ್ಲ.

ಅಜ್ಜಿ ಹಾಡಿದಷ್ಟನ್ನು ನಾನು ಈಗ ಬರೆದಿಟ್ಟುಕೊಳ್ಳುತ್ತಿದ್ದೇನೆ. ಗುಡಿಸಲಿನ ಕಟ್ಟು ಬಿಚ್ಚುವ ಭಾಗದಲ್ಲಿ ಅವಳಿಗೆ ಮರೆವು. ಎರಡು ಕಡೆ ಕೊಂಡಿ ತಪ್ಪುತ್ತದೆ. ಅಕ್ಕ ಈಗ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಾಳೆ. ರಜೆಯಲ್ಲಿ ಅವಳೂ ಜೊತೆಗೆ ಕುಳಿತು ಅಕ್ಷರ ತಿದ್ದುತ್ತಾಳೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಹನೂರು, ಕೊಳ್ಳೇಗಾಲದ ಕಡೆಯವರು ಅನೇಕರಿದ್ದೀರಿ. ನಿಮ್ಮ ಮನೆಗಳಲ್ಲಿ ಈ ಭಾಗವನ್ನು ಬಲ್ಲ ಹಿರಿಯರಿದ್ದರೆ ದಯವಿಟ್ಟು ತಿಳಿಸಬೇಕು. ದೀಪಾವಳಿಯ ಜಾತ್ರೆಯೊಳಗೆ ಬಂದು ಬರೆದುಕೊಳ್ಳುತ್ತೇನೆ.