ಚೆಂಡು ಹೂವಿನ ಸಸಿ: ಹಬ್ಬದಿಂದ ಹಿಂದಕ್ಕೆ ಎಣಿಸಿ, ಸೂರಿನಡಿ ಬಿತ್ತಿ

ಆಯುಧಪೂಜೆಗೆ ಹೂ ಕೈಗೆ ಬರಬೇಕು ಅಂದ್ರೆ ಬೀಜ ಯಾವಾಗ ಹಾಕಬೇಕು? ಲೆಕ್ಕವನ್ನು ಹಬ್ಬದಿಂದ ಹಿಂದಕ್ಕೆ ಮಾಡಿ. ಚೆಂಡು ಹೂವು ಟ್ರೇಯಲ್ಲಿ ಸುಮಾರು 25 ದಿನ, ನಾಟಿ ಆದ ಮೇಲೆ ಮೊದಲ ಕೊಯ್ಲಿಗೆ 55ರಿಂದ 60 ದಿನ. ಒಟ್ಟು 85 ದಿನ ಇಟ್ಟುಕೊಳ್ಳಿ. ಕುಡಿ ಚಿವುಟುವವರು ಇನ್ನೊಂದು 10 ದಿನ ಸೇರಿಸಿ. ಹಬ್ಬ ಅಕ್ಟೋಬರ್ ಮಧ್ಯದಲ್ಲಿದ್ದರೆ ಜುಲೈ ಎರಡನೇ, ಮೂರನೇ ವಾರವೇ ಬಿತ್ತನೆ. ತಪ್ಪಿದರೆ ಮುಂದೆ ಹಾಸನಾಂಬ ದರ್ಶನ, ದೀಪಾವಳಿ ಇದ್ದೇ ಇದೆ. ಆದರೆ ಎರಡು ಹಬ್ಬದ ಮಧ್ಯೆ ಅರಳಿದ ಹೂವನ್ನು ಕೇಳೋರು ಕಡಿಮೆ.

ತೊಂದರೆ ಇರೋದು ಜುಲೈ ಮಳೆಯಲ್ಲಿ. ಅರಕಲಗೂಡು ಕಡೆ ಮಡಿಗೆ ಚೆಲ್ಲಿದ ಬೀಜ ಕೊಚ್ಚಿ ಹೋಗುತ್ತೆ, ಇಲ್ಲಾಂದ್ರೆ ಸಸಿ ಬುಡ ಕೊಳೆಯುತ್ತೆ. ಚನ್ನರಾಯಪಟ್ಟಣದ ಕಡೆ ಬರೀ ಮೋಡ, ಮಡಿ ಒಣಗುತ್ತೆ. ಎರಡಕ್ಕೂ ಸೂರಿನಡಿ ಟ್ರೇನೇ ವಾಸಿ.

ಸೂರು ಅಂದ್ರೆ ಮನೆ ಒಳಗಲ್ಲ. ಮೊದಲ ವರ್ಷ ನಾನು ಮಳೆಗೆ ಹೆದರಿ 40 ಟ್ರೇಗಳನ್ನು ನಡುಮನೆಯಲ್ಲೇ ಇಟ್ಟಿದ್ದೆ. ಮೊಳಕೆ ಚೆನ್ನಾಗೇ ಬಂತು. ಆಮೇಲೆ ಬೆಳಕಿಲ್ಲದೆ ಸಸಿಗಳು ದಾರದ ಹಾಗೆ ಉದ್ದ ಹೋದವು. ನಾಟಿ ಮಾಡಿದ ಮೂರನೇ ದಿನದ ಮಳೆಗೆ ಎಲ್ಲಾ ಮಲಗಿಬಿಟ್ಟವು. ತೋಟಗಾರಿಕೆ ಓದಿದವನ ಕಥೆ ಇದು! ಅಪ್ಪ ಏನೂ ಅನ್ನದೆ ಆ ಜಾಗಕ್ಕೆ ಹುರುಳಿ ಚೆಲ್ಲಿದರು.

ಹಾಗಾಗಿ ಮೊಳಕೆ ಬರೋವರೆಗೆ ಮಾತ್ರ ಒಳಗೆ. ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಹೊದಿಸಿ. ಮೂರನೇ ದಿನದಿಂದ ದಿನಾ ತೆಗೆದು ನೋಡಿ. ಮೊಳಕೆ ಇಣುಕಿದ ತಕ್ಷಣ 50 ಪರ್ಸೆಂಟ್ ನೆರಳು ಪರದೆ ಕೆಳಗೆ ಹರಡಿ, ಮೇಲೆ ಮಳೆ ತಡೆಯೋಕೆ ಪಾರದರ್ಶಕ ಪ್ಲಾಸ್ಟಿಕ್ ಕಟ್ಟಿ. ಸುತ್ತ ಗಾಳಿ ಆಡಲಿ.

ಎಷ್ಟು ಟ್ರೇ ಬೇಕು? 2 ಅಡಿ, ಒಂದೂವರೆ ಅಡಿ ಅಂತರದಲ್ಲಿ ಒಂದು ಗುಂಟೆಗೆ ಸುಮಾರು 360 ಗಿಡ. ಹತ್ತು ಗುಂಟೆಗೆ 3,600. 98 ಗುಳಿಯ ಟ್ರೇ ಲೆಕ್ಕದಲ್ಲಿ 37 ಸಾಕು, ಸಾಯೋದಕ್ಕೂ ಸೇರಿಸಿ 43 ಮಾಡ್ಕೊಳ್ಳಿ. ಒಂದು ಟ್ರೇ ಸುಮಾರು 1.2 ಕಿಲೊ ತೆಂಗಿನ ನಾರಿನ ಪುಡಿ ಹಿಡಿಯುತ್ತೆ. ನಾನು ಮೂರು ಪಾಲು ನಾರಿನ ಪುಡಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಬೆರೆಸ್ತೀನಿ, ಜೊತೆಗೆ ಟ್ರೈಕೋಡರ್ಮಾ. ಬುಡ ಕೊಳೆಗೆ ಇದು ಮುನ್ನೆಚ್ಚರಿಕೆ ಅಷ್ಟೇ. ನೀರು ಹೆಚ್ಚು ಹಾಕಿದರೆ ಯಾವ ಟ್ರೈಕೋಡರ್ಮಾನೂ ಕಾಪಾಡಲ್ಲ. ಬೆಳಿಗ್ಗೆ ಮಾತ್ರ ನೀರು ಕೊಡಿ, ಸಂಜೆ ಬೇಡ.

ಬಿತ್ತೋ ಮುಂಚೆ 20 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಒಂದು ವಾರ ನೋಡಿ. 16ಕ್ಕಿಂತ ಕಡಿಮೆ ಮೊಳೆತರೆ ಗುಳಿಗೆ ಎರಡು ಬೀಜ. ಆಸ್ಟರ್ ಬೆಳೆಯೋರಿಗೆ ಈ ಪರೀಕ್ಷೆ ಇನ್ನೂ ಮುಖ್ಯ, ಅದರ ಬೀಜ ಬೇಗ ಶಕ್ತಿ ಕಳೆದುಕೊಳ್ಳುತ್ತೆ. ಹೋದ ವರ್ಷದ ಪ್ಯಾಕೆಟ್ ನಂಬಬೇಡಿ. ಹೆಸರಘಟ್ಟದ ಐಐಎಚ್‌ಆರ್‌ನ ಕಾಮಿನಿ, ಪೂರ್ಣಿಮಾ, ಶಶಾಂಕ್ ಆಸ್ಟರ್ ತಳಿಗಳ ಬಗ್ಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಕೊನೆಯ ಐದಾರು ದಿನ ನೀರು ಕಡಿಮೆ ಮಾಡಿ, ಪರದೆ ಸರಿಸಿ ಬಿಸಿಲಿಗೆ ಒಗ್ಗಿಸಿ. ಒಂದು ಸಸಿ ಎಳೆದು ನೋಡಿ: ಬಿಳಿ ಬೇರು ಪುಡಿಯನ್ನು ಉಂಡೆಯಾಗಿ ಹಿಡಿದು ಬಂದರೆ ಅವತ್ತು ಸಂಜೆಯೇ ನಾಟಿ ಮಾಡಿ.