ಮನೆಯ ಕಂಪ್ಯೂಟರಿಗೆ ತಕ್ಕ ಧ್ವನಿವರ್ಧಕ

ಕಂಪ್ಯೂಟರಿನ ಸ್ಪೀಕರು ಕೊಳ್ಳಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆ. ಅದು ದೊಡ್ಡದಾದಷ್ಟೂ ಸರಕು ಉತ್ತಮವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ. ಭೌತಶಾಸ್ತ್ರ ನನ್ನ ವಿಷಯವಲ್ಲ; ಮನೆಯ ಅಗತ್ಯವೇ ನನ್ನಿಂದ ಅದನ್ನು ಓದಿಸಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರಿಗೆ ಓದುಬರಹ ಬಾರದು. ಕೇಳುವ ಆಸೆ ಮಾತ್ರ ಬಹಳ. ಅಕ್ಕಿ ಗಿರಣಿಯ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಅವರ ಕಿವಿ ಮಂದವಾಗಿದೆ. ವಾರ್ತೆಯೂ ಉಪನ್ಯಾಸವೂ ಅವರಿಗೆ ಸ್ಪಷ್ಟವಾಗಿ ಕೇಳಬೇಕು. ನನ್ನ ವಿದ್ಯಾರ್ಥಿವೇತನದಲ್ಲಿ ಉಳಿದಿದ್ದ ಹಣವೋ ಒಂದೇ ಖರೀದಿಗೆ ಸಾಲುವಷ್ಟು.

‘ಪಿ.ಎಂ.ಪಿ.ಓ.’ ಎಂದು ಅಚ್ಚಾದ ಅಂಕಿಗೆ ಬೆಲೆ ಕೊಡಲಾಗದು. ಅದನ್ನು ಅಳೆಯಲು ಒಪ್ಪಿತವಾದ ಕ್ರಮವೇ ಇಲ್ಲ. ‘ಆರ್.ಎಂ.ಎಸ್.’ ಅಂಕಿಯನ್ನು ನೋಡಬೇಕು. ಯು.ಎಸ್.ಬಿ. 2.0 ಕಿಂಡಿ ಒದಗಿಸುವುದು 5 ವೋಲ್ಟು, ಅರ್ಧ ಆಂಪಿಯರು, ಎಂದರೆ 2.5 ವ್ಯಾಟ್. ಅದರಿಂದಲೇ ನಡೆಯುವ ಸ್ಪೀಕರಿನ ಮೇಲೆ ನೂರಾರು ವ್ಯಾಟ್ ಬರೆದಿದ್ದರೆ, ಆ ಶಕ್ತಿ ಎಲ್ಲಿಂದ ಬಂತೆಂದು ಅಂಗಡಿಯವರನ್ನೇ ಕೇಳಬಹುದು! ಇದಲ್ಲದೆ, ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಇಮ್ಮಡಿಯಾಯಿತೆಂದು ಕಿವಿಗೆ ಅನ್ನಿಸಲು ಸುಮಾರು ಹತ್ತರಷ್ಟು ಶಕ್ತಿ ಬೇಕು.

ಗದ್ದಲದಿಂದ ಕೆಟ್ಟ ಕಿವಿಗೆ ಮೊದಲು ಕುಂದುವುದು 4,000 ಹರ್ಟ್ಸ್ ಆಸುಪಾಸಿನ ಧ್ವನಿ. ಸ್ವರಗಳ ಬಲ ಬಹುಮಟ್ಟಿಗೆ ಇದಕ್ಕಿಂತ ಕೆಳಗಿದೆ. ಸಕಾರದಂಥ ವ್ಯಂಜನಗಳ ಬಲವಾದರೋ ಅಲ್ಲಿಯೂ ಅದರ ಮೇಲೂ ಇದೆ. ಆದ್ದರಿಂದಲೇ ಇಂಥವರಿಗೆ ಯಾರೋ ಮಾತನಾಡುತ್ತಿರುವುದು ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ. ಗುಡುಗುವ ಸಬ್‌ವೂಫರಿನ ಮಂದ್ರಧ್ವನಿ ಉಳಿದ ವ್ಯಂಜನಗಳನ್ನೂ ಮುಚ್ಚಿಬಿಡುತ್ತದೆ. ಸಿನಿಮಾ ಪ್ರಿಯರ ಮಾತು ಬೇರೆ; ಅವರೊಡನೆ ನನಗೆ ವಾದವಿಲ್ಲ.

ಅಂಗಡಿಯಲ್ಲಿ ಅಬ್ಬರದ ಹಾಡು ಹಾಕಿ ತೋರಿಸುವುದು ವಾಡಿಕೆ. ಅದನ್ನು ನಿಲ್ಲಿಸಿ, ನಮಗೆ ಪರಿಚಿತವಾದ ಭಾಷಣವೊಂದನ್ನು ಸಣ್ಣ ದನಿಯಲ್ಲಿ ಹಾಕಿಸಿ ಕೇಳಬೇಕು. ‘ಸಾಲು’ ಮತ್ತು ‘ಶಾಲು’ ಬೇರೆಬೇರೆಯಾಗಿ ಕೇಳಿಸುತ್ತವೆಯೆ? ನಾನು ತಂದೆಯವರನ್ನೇ ಕರೆದುಕೊಂಡು ಹೋಗಿದ್ದೆ. ಅವರು ಒಪ್ಪಿದ್ದು ಸಬ್‌ವೂಫರಿಲ್ಲದ ಪುಟ್ಟ ಜೋಡಿಯೊಂದನ್ನು. ಅಲ್ಲಿದ್ದವುಗಳಲ್ಲಿ ಅದರ ವ್ಯಾಟ್ ಸಂಖ್ಯೆಯೇ ಕಡಿಮೆ.

ಇನ್ನು ಇಡುವ ಸ್ಥಳ. ಗೋಡೆಯ ಮೂಲೆಗೆ ಸೇರಿಸಿದರೆ ಮಂದ್ರ ಉಬ್ಬಿ ಮಾತು ಮಸುಕಾಗುತ್ತದೆ. ಬಯಲಿನಲ್ಲಿ ದೂರ ಅರ್ಧವಾದರೆ 6 ಡೆಸಿಬೆಲ್ ಲಾಭ. ಕೋಣೆಯೊಳಗೆ ಅಷ್ಟು ಸಿಗದಿದ್ದರೂ ಹತ್ತಿರವಿಡುವುದೇ ಲೇಸು. ನಮ್ಮಲ್ಲಿ ಅವು ಮೇಜಿನಿಂದಿಳಿದು, ತಂದೆಯವರ ಕುರ್ಚಿಯ ಎಡಬಲಗಳಲ್ಲಿ ಕಿವಿಯ ಮಟ್ಟಕ್ಕೆ ನಿಂತಿವೆ. ಅದಕ್ಕಾಗಿ ಹೆಚ್ಚಿಗೆ ಕೊಂಡದ್ದು 3.5 ಮಿಲಿಮೀಟರ್ ಜ್ಯಾಕಿನ ಉದ್ದನೆಯ ತಂತಿಯೊಂದನ್ನು ಮಾತ್ರ.